ನಾನು ಬೇಡವೆಂದ ಕಣ್ಣು

ಮೂವತ್ತಾರು ವರ್ಷ ನಾನು ಜನರ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದವನು. ಸರ್ಕಾರದ ಕಾಗದದಲ್ಲಿ ನನ್ನ ಹುದ್ದೆಯ ಹೆಸರು ನೇತ್ರ ಸಹಾಯಕ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಜನ ಕರೆದದ್ದು ಮಾತ್ರ ಕಣ್ಣ್ ಡಾಕ್ಟ್ರು ಎಂದು. ನಾನು ಡಾಕ್ಟರಲ್ಲ. ಕಣ್ಣು ಪರೀಕ್ಷೆ ಮಾಡುವುದು, ಕನ್ನಡಕದ ನಂಬರು ಬರೆಯುವುದು, ಪೊರೆ ಬಂದವರನ್ನು ಗುರುತಿಸಿ ಶಸ್ತ್ರಕ್ರಿಯೆಗೆ ಕಳಿಸುವುದು, ಇಷ್ಟೇ ನನ್ನ ಕೆಲಸ. ಮೊದಲ ವರ್ಷ ಒಂದೆರಡು ಸಲ "ನಾನು ಡಾಕ್ಟ್ರಲ್ಲ ಮಾರಾಯ್ರೆ" ಎಂದು ತಿದ್ದಿದ್ದುಂಟು. ಆಮೇಲೆ ಬಿಟ್ಟುಬಿಟ್ಟೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಿದ್ದರು, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕರೆಯುತ್ತಿದ್ದರು. ಕೇಳಿ ಕೇಳಿ ನನಗೇ ಅದು ನಿಜವೆನಿಸಿತ್ತು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಕೆಲವೊಮ್ಮೆ ಕೋಟದ ನಮ್ಮ ಮನೆಗೆ ಬರುತ್ತಾರೆ. ನಿಮ್ಮ ಅನುಭವ ಹೇಳಿ ಸರ್ ಎನ್ನುತ್ತಾರೆ. ನಾನು ನಗು ಬರುವಂಥದ್ದು ನಾಲ್ಕು ಹೇಳಿ ಕಳಿಸುತ್ತೇನೆ. ಹೇಳದೇ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಪೊರೆ ತೆಗೆಯುವುದೆಂದರೆ ಶಾಲೆಯ ಕೋಣೆಯಲ್ಲಿ. ರಜೆಯಲ್ಲಿ ಬೆಂಚುಗಳನ್ನು ಹೊರಗೆ ಹಾಕಿ, ಗೋಡೆಗೆ ಸುಣ್ಣ ಬಳಿದು, ಮೇಷ್ಟ್ರ ಮೇಜುಗಳನ್ನು ಜೋಡಿಸಿ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಕಣ್ಣಿಗೆ ಅರ್ಧಚಂದ್ರದ ಹಾಗೆ ಗಾಯ ಮಾಡಿ, ಪೊರೆ ಬಂದ ಮಸೂರವನ್ನು ಇಡಿಯಾಗಿ ತೆಗೆದು ಹೊಲಿಗೆ ಹಾಕುವುದು. ಆಮೇಲೆ ದಿನಗಟ್ಟಲೆ ಅಂಗಾತ ಮಲಗಬೇಕು. ಕೆಮ್ಮಬಾರದು, ಸೀನಬಾರದು, ತಲೆ ಹೊರಳಿಸಬಾರದು. ಮನೆಯವರು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಆರು ವಾರ ಕಳೆದ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಬರುತ್ತಿತ್ತು.

ಆ ಕನ್ನಡಕ ಹಂಚುವುದು ನನ್ನ ಪಾಲಿನ ಕೆಲಸ. ಒಮ್ಮೆ ಬ್ರಹ್ಮಾವರದಲ್ಲಿ ಹಂಚುವಾಗ ಇಬ್ಬರ ಕನ್ನಡಕ ಅದಲುಬದಲಾಯಿತು. ಒಬ್ಬರು ಕೋಟದ ಬೇಸಾಯಗಾರರು. ಇನ್ನೊಬ್ಬರು ಸಾಲಿಗ್ರಾಮದ ಕಡೆ ದೇವಸ್ಥಾನವೊಂದರಲ್ಲಿ ಅಡುಗೆ ಮಾಡುತ್ತಿದ್ದ ಭಟ್ಟರು. ಮೆಟ್ಟಿಲು ಇದ್ದದ್ದಕ್ಕಿಂತ ಮೇಲೆ ಇದ್ದ ಹಾಗೆ ಕಂಡು ಭಟ್ಟರು ಬಿದ್ದರು, ಮಣಿಕಟ್ಟು ಮುರಿಯಿತು. ಸುದ್ದಿ ತಿಳಿದು ಹೋಗಿ ನೋಡಿದಾಗಲೇ ನನಗೆ ತಪ್ಪು ಗೊತ್ತಾದದ್ದು. ಏನೂ ಹೇಳದೆ ಕನ್ನಡಕ ತಂದು, ಕೋಟಕ್ಕೆ ಹೋಗಿ ಬದಲಿಸಿಕೊಂಡು, ವಾರ ಬಿಟ್ಟು "ನಿಮಗೋಸ್ಕರ ಹೊಸ ನಂಬರ್ ಮಾಡಿಸಿ ತಂದೆ" ಎಂದು ಕೊಟ್ಟೆ.

ಭಟ್ಟರು ಕನ್ನಡಕ ಹಾಕಿಕೊಂಡು ಅಂಗಳ ನೋಡಿದರು. "ಡಾಕ್ಟ್ರೆ, ನಿಮ್ಮಂಥವ್ರ್ ಇದ್ದದ್ದಕ್ಕೆ ನಮ್ಮಂಥವ್ರ್ ಬದ್ಕುದ್" ಎಂದರು. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟರು. ಮನೆಗೆ ಬಂದು ಹೆಂಡತಿ ಮಕ್ಕಳ ಜೊತೆ ಕೂತು ಆ ಹಣ್ಣು ತಿಂದೆ.

ನನ್ನ ಮೇಲಿನವರಾಗಿದ್ದವರು ಒಬ್ಬ ಕಣ್ಣಿನ ಸರ್ಜನ್. ಮೈಸೂರು ಕಡೆಯವರು, ಇಲ್ಲಿಗೆ ಬಂದು ಇಲ್ಲೇ ಉಳಿದರು. ನಾವು ಅವರನ್ನು ದೊಡ್ಡ ಡಾಕ್ಟ್ರು ಎನ್ನುತ್ತಿದ್ದೆವು. ಕೈ ಬಹಳ ಮೃದು, ಬಾಯಿ ಬಹಳ ಒರಟು. ಅವರ ಕಾಲದಲ್ಲಿಯೇ ಶಾಲೆಯ ಕೋಣೆ ಹೋಯಿತು, ದಪ್ಪ ಕನ್ನಡಕ ಹೋಯಿತು. ಕಣ್ಣಿನೊಳಗೇ ಮಸೂರ ಕೂರಿಸುವುದು ಬಂತು. ನಾವು ಊರೂರಲ್ಲಿ ತಪಾಸಣೆ ಮಾಡಿ, ಪೊರೆ ಇದ್ದವರ ಪಟ್ಟಿ ಮಾಡಿ, ಬಸ್ಸಿನಲ್ಲಿ ಆಸ್ಪತ್ರೆಗೆ ಕಳಿಸುವುದು. ಅವರು ಎರಡೇ ದಿನದಲ್ಲಿ ನೋಡಿಕೊಂಡು ನಡೆದು ವಾಪಸು ಬರುವುದು.

ಆ ದಿನಗಳಲ್ಲಿ ನಾನು ಪಟ್ಟಿ ಮಾಡಿ ಕಳಿಸಿದ ಎಂಬತ್ತು ದಾಟಿದ ಒಬ್ಬರು, ಶಸ್ತ್ರಕ್ರಿಯೆಯ ಮೊದಲೇ ಆಸ್ಪತ್ರೆಯ ಹಾಸಿಗೆಯಲ್ಲಿ ಹೃದಯ ನಿಂತು ತೀರಿಕೊಂಡರು. ದೊಡ್ಡ ಡಾಕ್ಟ್ರು ಎಲ್ಲರ ಎದುರಿಗೆ ನನ್ನನ್ನು ತರಾಟೆಗೆ ತೆಗೆದುಕೊಂಡರು. ನನ್ನಿಂದ ಲಿಖಿತ ವಿವರಣೆ ಕೇಳಿದರು. ಅವತ್ತು ನಾನು ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಂಡೆ: ತೀರ ಮುದುಕರು ಬಂದರೆ ಬೇಡ. ಅದನ್ನು ದೊಡ್ಡ ಡಾಕ್ಟ್ರ ನಿಯಮವೆಂದೇ ಎಲ್ಲರಿಗೂ ಹೇಳುತ್ತಿದ್ದೆ.

ಅದಾಗಿ ಎರಡು ತಿಂಗಳಿಗೆ ಬೈಂದೂರಿನಲ್ಲಿ ಶಿಬಿರ. ಸಾಲು ಗೇಟಿನವರೆಗೂ ಇತ್ತು. ಯಡ್ತರೆ ಕಡೆಯಿಂದ ಒಬ್ಬ ಮುದುಕಿ ಸೊಸೆಯ ಹೆಗಲು ಹಿಡಿದುಕೊಂಡು ಬಂದು ನನ್ನೆದುರಿನ ಸ್ಟೂಲಿನಲ್ಲಿ ಕೂತರು. ಹೆಸರು ಮುತ್ತಕ್ಕ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಮಾರಿ ಬದುಕಿದವರು. ಸೊಸೆ ಸರೋಜಮ್ಮನಿಗೆ ಆಗ ಐವತ್ತರ ಹತ್ತಿರ, ತಲೆಗೂದಲೆಲ್ಲ ಕಪ್ಪು.

"ಅಜ್ಜಿ, ಪ್ರಾಯ ಎಷ್ಟ್?"

"ನಂಗೆಂತ ಗೊತ್ತಿತ್ತ್? ನಿಮ್ಗೆ ಕಂಡಷ್ಟ್ ಬರ್ಕಣಿ."

ಎಂಬತ್ತೆರಡು ಎಂದು ಬರೆದೆ. ಟಾರ್ಚು ಬಿಟ್ಟೆ. ಎರಡೂ ಕಣ್ಣಿನಲ್ಲಿ ಪೊರೆ ಬಲಿತು ಬೆಳ್ಳಗಾಗಿತ್ತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದರೆ ಎರಡೂ ಕಣ್ಣಿನಿಂದ ತಡವರಿಸದೆ ಹೇಳಿದರು. ಅಂದರೆ ಒಳಗಿನ ನರ ಸರಿ ಇದೆ, ಪೊರೆ ತೆಗೆದರೆ ಕಾಣುತ್ತದೆ. ಇದು ಈ ಕೆಲಸದ ಮೊದಲ ಪಾಠ, ನನಗೆ ಗೊತ್ತಿತ್ತು.

ಆದರೂ ನಾನು ಹೇಳಿದ್ದು ಇದು: "ಈ ಪ್ರಾಯದಂಗೆ ಕಣ್ಣ್ ಮಾಡ್ಸ್ಕಂಡ್ ಎಂತ ಕಾಂಬುಕಿತ್ತ್ ಅಜ್ಜಿ? ಕಾಂಬುದೆಲ್ಲ ಕಂಡ್ ಆಯ್ತಲೆ!"

ಸಾಲಿನಲ್ಲಿದ್ದವರು ನಕ್ಕರು. ನಗಿಸಬೇಕೆಂದೇ ಹೇಳಿದ್ದೆ. ಎಲ್ಲರೂ ನಕ್ಕ ಮೇಲೆ ಮುತ್ತಕ್ಕನೂ ನಕ್ಕರು.

"ಇನ್ನೂ ಆಯಿಲ್ಲೆ ಡಾಕ್ಟ್ರೆ," ಎಂದರು. "ಮೀನ್ ತಾಜಾ ಇತ್ತಾ ಇಲ್ಯಾ ಅಂದೇಳಿ ಅದ್ರ ಕಣ್ಣ್ ಕಂಡೇ ಹೇಳ್ಕ್. ಈಗಳ್ ಬೆರ್ಳಂಗೆ ಮುಟ್ಟಿ ಮಾರ್ತಾ ಇದ್ದೆ. ಜನ ನಂಬುದಿಲ್ಲೆ."

"ದೊಡ್ಡ ಡಾಕ್ಟ್ರ್ ಇಷ್ಟ್ ಪ್ರಾಯದವ್ರಿಗೆ ಮಾಡುದಿಲ್ಲೆ. ಮನಿಯಂಗೆ ಆರಾಮ್ ಕೂಕಣಿ" ಎಂದೆ.

ಚೀಟಿಯಲ್ಲಿ "ವಯೋಸಹಜ, ಶಸ್ತ್ರಕ್ರಿಯೆ ಬೇಡ" ಎಂದು ಬರೆದೆ. ಸರೋಜಮ್ಮ ಒಂದು ಕ್ಷಣ ನಿಂತಿದ್ದರು. "ಒಂದ್ ಕಣ್ಣಾರೂ..." ಎಂದು ಶುರು ಮಾಡಿದರು. ಅಷ್ಟರಲ್ಲಿ ನಾನು ಮುಂದಿನವರ ಹೆಸರು ಕೂಗಿಯಾಗಿತ್ತು. ಅವತ್ತು ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಇದನ್ನೂ ಬರೆಯದಿದ್ದರೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ.

ಆಮೇಲೆ ಇಪ್ಪತ್ತೊಂದು ವರ್ಷ. ಕೆಲಸ ಬದಲಾಯಿತು. ಸೂಜಿಯೂ ಇಲ್ಲದೆ ಬರೀ ತೊಟ್ಟು ಮದ್ದು ಹಾಕಿ ಕಣ್ಣು ಮರಗಟ್ಟಿಸುವುದು ಬಂತು, ಬೆಳಿಗ್ಗೆ ಮಾಡಿಸಿಕೊಂಡು ಸಂಜೆ ಮನೆಗೆ ಹೋಗುವುದು ಬಂತು. ಕಣ್ಣಿನ ಶಸ್ತ್ರಕ್ರಿಯೆಗೆ ವಯಸ್ಸು ಅಡ್ಡಿಯಲ್ಲ ಎಂದು ನಾನೇ ಎಷ್ಟೋ ಕಡೆ ಮೈಕು ಹಿಡಿದು ಭಾಷಣ ಮಾಡಿದೆ. ಹಾಗೆ ಮಾತಾಡುವಾಗ ಯಡ್ತರೆಯ ಆ ಮುದುಕಿ ಒಮ್ಮೆಯೂ ನೆನಪಾಗಲಿಲ್ಲ. ಶಾಲು ಹೊದೆಸಿಕೊಂಡು ನಿವೃತ್ತನಾದೆ. ನಿವೃತ್ತಿಯಾದ ಮೇಲೆ ನನಗೂ ಪೊರೆ ಬಂತು. ಬಂದ ತಿಂಗಳಿನಲ್ಲೇ ತೆಗೆಸಿಕೊಂಡೆ. ಸ್ವಲ್ಪ ಮಂಜಾದದ್ದೂ ನನ್ನಿಂದ ಸಹಿಸಲಿಕ್ಕಾಗಲಿಲ್ಲ.

ಕೋಟೇಶ್ವರದ ಅಶ್ವಿನಿ ಎಂಬ ಹುಡುಗಿ ನಾನಿದ್ದ ಹುದ್ದೆಗೆ ಬಂದಿದ್ದಾಳೆ. ಶಿಬಿರಕ್ಕೆ ಬರಲಾಗದ ಮುದುಕರನ್ನು ಮನೆಗೇ ಹೋಗಿ ನೋಡುವ ಕ್ರಮ ಶುರು ಮಾಡಿದ್ದಾಳೆ. ಹಳೆಯ ಮನೆಗಳ ದಾರಿ ನಿಮಗೆ ಗೊತ್ತಲ್ಲ ಸರ್ ಎಂದು ಕಳೆದ ವರ್ಷ ನನ್ನನ್ನೂ ಜೊತೆಗೆ ಕರೆದಳು. ಹಾಗೆ ಯಡ್ತರೆಯ ಒಂದು ಮನೆಗೆ ಹೋದೆವು.

ಜಗಲಿಯಲ್ಲಿ ಒಂದು ಮುದಿ ಜೀವ ಗೋಡೆಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿತ್ತು. ಬಾಗಿಲಿನಿಂದ ಬಚ್ಚಲಿನವರೆಗೆ ಸೊಂಟದೆತ್ತರಕ್ಕೆ ಒಂದು ನೈಲಾನ್ ಹಗ್ಗ ಕಟ್ಟಿತ್ತು. ಬೆಳ್ಳಿಕೂದಲಿನ ಹೆಂಗಸೊಬ್ಬರು ಹೊರಗೆ ಬಂದು, "ನಮ್ಮ ಅತ್ತೆ. ಮುತ್ತಕ್ಕ ಅಂದೇಳಿ ಹೆಸ್ರ್. ನೂರ್ ದಾಟಿ ಮೂರ್ನಾಕ್ ವರ್ಷ ಆಯ್ತ್ ಅಂಬ್ರ್" ಎಂದರು. ನಾನು ಜಗಲಿ ಹತ್ತದೆ ಅಂಗಳದಲ್ಲೇ ಉಳಿದೆ.

ಅಶ್ವಿನಿ ಜಗಲಿಯ ಮೇಲೆ ಕೂತು ಟಾರ್ಚು ಬಿಟ್ಟಳು. ಬಲಗಣ್ಣು ಬೆಳಕನ್ನು ನಾಲ್ಕೂ ಕಡೆಯಿಂದ ಗುರುತಿಸಿತು. ಎಡಗಣ್ಣಿಗೆ ಬೆಳಕೇ ಇಲ್ಲ. ಅವಳು ಮತ್ತೆ ಮತ್ತೆ ಟಾರ್ಚು ಆರಿಸಿ ಹಚ್ಚಿ ನೋಡಿದಳು.

"ಈ ಕಣ್ಣಂಗೆ ಯಾವಾಗ್ಲಾರೂ ನೋವ್ ಬಂದಿತ್ತಾ?"

ಸರೋಜಮ್ಮ ಹೇಳಿದರು: "ಐದಾರ್ ವರ್ಷ ಆಯ್ತ್. ಎರ್ಡ್ ವಾರ ತಲಿನೋವ್ ಅಂದೇಳಿ ಕೂಗಿದ್ದೇ ಕೂಗಿದ್ದ್. ವಾಂತಿ ಬೇರೆ. ಪ್ರಾಯಕ್ಕೆ ಬಪ್ದ್ ಅಂದೇಳಿ ಗುಳ್ಗಿ ಕೊಟ್ಟ್ರ್. ಆಮೇಲೆ ನೋವ್ ಹೋಯ್ತ್."

ನನಗೂ ಅಶ್ವಿನಿಗೂ ಅರ್ಥವಾಯಿತು. ಅತಿಯಾಗಿ ಬಲಿತ ಪೊರೆ ಒಳಗೇ ಸೋರಿ, ಕಣ್ಣಿನ ಒತ್ತಡ ಏರಿ, ನರ ಸತ್ತಿದೆ. ಕಾಲಕ್ಕೆ ಸರಿಯಾಗಿ ತೆಗೆದಿದ್ದರೆ ಆಗುತ್ತಿರಲಿಲ್ಲ.

"ಇಷ್ಟ್ ವರ್ಷ ಎಂತಕೆ ಕಣ್ಣ್ ಮಾಡ್ಸ್ಲಿಲ್ಲೆ?" ಎಂದು ಅಶ್ವಿನಿ ಕೇಳಿದಳು.

"ಬೈಂದೂರಂಗೆ ಕ್ಯಾಂಪಂಗೆ ಕರ್ಕಂಡ್ ಹೋಯಿದ್ದೆ. ಡಾಕ್ಟ್ರೇ ಬ್ಯಾಡ ಅಂದ್ರ್. ಡಾಕ್ಟ್ರ್ ಬ್ಯಾಡ ಅಂದ್ಮೇಲೆ ನಾವ್ ಎಂತ ಮಾಡುದ್?"

ಡಾಕ್ಟ್ರು. ಆ ಮಾತನ್ನು ನಾನು ತಿದ್ದಿದ್ದರೆ, ಒಬ್ಬ ಸಹಾಯಕ ಬೇಡವೆಂದ ಎಂದಷ್ಟೇ ಗೊತ್ತಿದ್ದರೆ, ಇವರು ಇನ್ನೊಂದು ಕಡೆ ಹೋಗಿ ಕೇಳುತ್ತಿದ್ದರೇನೋ.

"ಯಾರ್ ಸರ್ ಆ ಡಾಕ್ಟ್ರ್?" ಅಶ್ವಿನಿ ಸಿಟ್ಟಿನಿಂದ ನನ್ನ ಕಡೆ ತಿರುಗಿದಳು.

"ಆಗಿನ ಕಾಲವೇ ಹಾಂಗಿತ್ತ್ ಮಗಾ" ಎಂದೆ. ಎರಡನೆಯ ಸಲ ಆ ಮನೆಯವರಿಗೆ ಸುಳ್ಳು ಹೇಳಿದ್ದು.

ಮುತ್ತಕ್ಕ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದ್ದರು. ಮುಖ ನನ್ನ ಕಡೆಗಿತ್ತು.

ಸರೋಜಮ್ಮ ಚಾ ಮಾಡುತ್ತ ಹಿಂದಿನದನ್ನೆಲ್ಲ ಹೇಳಿದರು. ಹತ್ತು ವರ್ಷದ ಕೆಳಗೆ ಅವರ ಗಂಡ, ಎಂದರೆ ಮುತ್ತಕ್ಕನ ಒಬ್ಬನೇ ಮಗ, ತೀರಿಕೊಂಡಿದ್ದರು. ಹೆಣವನ್ನು ಚಾವಡಿಯಲ್ಲಿ ಮಲಗಿಸಿದಾಗ ಮುತ್ತಕ್ಕ ಹತ್ತಿರ ಕೂತು ಮುಖವನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿದರಂತೆ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, "ಇದ್ ನನ್ನ ಮಗ ಅಲ್ಲ, ಯಾರೋ ಮುದ್ಕ" ಎಂದರಂತೆ. ಅವರು ಕಣ್ಣಾರೆ ಕಂಡ ಮಗನಿಗೆ ಹಲ್ಲಿತ್ತು, ತುಂಬಿದ ಕೆನ್ನೆಯಿತ್ತು.

ನಾನು ಚಾ ಕುಡಿಯಲಾರದೆ ಇಟ್ಟೆ.

ಶಸ್ತ್ರಕ್ರಿಯೆಗೆ ದಿನ ಗೊತ್ತಾಯಿತು. ಅದಕ್ಕೆ ಮೊದಲು ನಾನು ಬ್ರಹ್ಮಾವರಕ್ಕೆ, ದೊಡ್ಡ ಡಾಕ್ಟ್ರ ಮನೆಗೆ ಹೋದೆ. ನಿಜ ಹೇಳಬೇಕೆಂದರೆ, ತಪ್ಪಿನ ಭಾರವನ್ನು ಹಂಚಿಕೊಳ್ಳಲು ಒಬ್ಬರು ಬೇಕಾಗಿತ್ತು. ಅವರಿಗೀಗ ಎಂಬತ್ತು. ವರಾಂಡದಲ್ಲಿ ಪೇಪರು ಓದುತ್ತಿದ್ದರು. ನಾನು ಎಲ್ಲ ಹೇಳಿ, ಕೊನೆಗೆ, "ಆ ಮುದುಕರು ಸತ್ತಾಗ ನೀವೇ ಬೈದಿರಲ್ಲ ಸರ್, ವಯಸ್ಸಾದವರನ್ನು ಕಳಿಸಬೇಡ ಅಂತ" ಎಂದೆ.

ಅವರು ಪೇಪರು ಮಡಿಸಿದರು. "ಹಾಗಂದೆನಾ? ನೆನಪು ಮಾಡ್ಕೊ. ಬಿಪಿ ನೋಡದೆ, ಎದೆನೋವು ಇದೆಯಾ ಅಂತ ಕೇಳದೆ ಕಳಿಸಿದ್ದೀಯ ಅಂತ ಬೈದೆ. ನೀನು ನೋಡದೇ ಇದ್ದದ್ದಕ್ಕೆ ಬೈದದ್ದು ಕಣಯ್ಯಾ, ಅವನು ಮುದುಕ ಆಗಿದ್ದಕ್ಕಲ್ಲ. ಅದೇ ವರ್ಷ ನಾನು ತೊಂಬತ್ತು ದಾಟಿದವರಿಗೂ ಮಾಡಿದ್ದೀನಿ."

ನನಗೆ ನೆನಪಾಯಿತು. ಅವರು ಹೇಳಿದ್ದು ಹಾಗೆಯೇ. ಸರಿಯಾಗಿ ಪರೀಕ್ಷೆ ಮಾಡು ಎಂದದ್ದನ್ನು ನಾನು ಮುದುಕರು ಬೇಡ ಎಂದು ಮಾಡಿಕೊಂಡಿದ್ದೆ. ಏಕೆಂದರೆ ಅದು ಸುಲಭ.

"ಎಷ್ಟು ಜನರನ್ನ ಹೀಗೆ ವಾಪಸು ಕಳಿಸಿದೆ?" ಎಂದು ಕೇಳಿದರು.

ಚೀಟಿ ಬರೆದು ಕೈಗೆ ಕೊಟ್ಟವರನ್ನು ನಾನು ಪಟ್ಟಿಯಲ್ಲಿ ಬರೆದುಕೊಳ್ಳುತ್ತಿರಲಿಲ್ಲ. ಮುತ್ತಕ್ಕ ನೂರು ದಾಟಿ ಬದುಕಿದ್ದಕ್ಕೆ ಅವರ ವಿಷಯ ನನಗೆ ಗೊತ್ತಾಯಿತು. ಉಳಿದವರು ಕತ್ತಲೆಯಲ್ಲೇ ಸತ್ತಿರುತ್ತಾರೆ.

ಹೊರಡುವಾಗ ದೊಡ್ಡ ಡಾಕ್ಟ್ರು, "ನನಗೂ ವಯಸ್ಸಾಯ್ತು. ನಾನು ನಿನ್ನ ಸಾಲಿನಲ್ಲಿ ನಿಂತಿದ್ರೆ ಬಸ್ ಹತ್ತಿಸ್ತಿದ್ಯಾ?" ಎಂದು ಕೇಳಿದರು. ತಮಾಷೆಗೆ ಕೇಳಿರಬಹುದು. ಮುಖದಲ್ಲಿ ನಗು ಇರಲಿಲ್ಲ.

ಮುತ್ತಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ದಾರಿಯಲ್ಲಿ ಚಾ ಕುಡಿಯಲು ವಾಹನ ನಿಲ್ಲಿಸಿದಾಗ, ಅಶ್ವಿನಿಯನ್ನು ಬದಿಗೆ ಕರೆದು, ಆ ಡಾಕ್ಟ್ರು ನಾನೇ ಎಂದೆ. "ನಂಗೆ ಹೇಳ್ರೆ ಎಂತ ಆತ್ ಸರ್? ಅವ್ರಿಗ್ ಹೇಳಿ" ಎಂದಳು.

ಪೊರೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತಂತೆ. ಸರ್ಜನ್ ನಿಧಾನ ಮಾಡಿ ತೆಗೆದರು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ನಾನು ವಾರ್ಡಿನ ಬಾಗಿಲ ಹೊರಗೆ ನಿಂತು ನೋಡುತ್ತಿದ್ದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಮುತ್ತಕ್ಕ ಕಣ್ಣು ಪಿಳುಕಿಸಿ ಎದುರು ನಿಂತವರನ್ನು ನೋಡಿದರು. "ನೀವ್ ಯಾರ್? ಬೀಗ್ತಿಯಾ? ಸರೋಜ ಎಲ್ ಹೋದ್ಳ್?"

ಸೊಸೆಯನ್ನು ಸೊಸೆಯ ತಾಯಿ ಎಂದುಕೊಂಡಿದ್ದರು. "ನಾನೇ ಅತ್ತೆ, ಸರೋಜ" ಎಂದು ಸರೋಜಮ್ಮ ಅತ್ತೂ ನಕ್ಕೂ ಹೇಳಿದರು. ಮುತ್ತಕ್ಕ ಆ ಬಿಳಿಕೂದಲನ್ನು ಹಿಡಿದು ನೋಡಿದರು. ಆಮೇಲೆ ತಮ್ಮ ಎರಡು ಕೈಗಳನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, ಸೀರೆಯ ಸೆರಗಿನೊಳಗೆ ಮುಚ್ಚಿಕೊಂಡರು.

ಹಿಂದಿರುಗುವಾಗ ಅವರನ್ನು ಕಿಟಕಿಯ ಬದಿಗೆ ಕೂರಿಸಿದೆವು. ಬೇರೆಯವರಿಗೆ ಇಪ್ಪತ್ತು ವರ್ಷದಲ್ಲಿ ಒಂದೊಂದಾಗಿ ಆದದ್ದು ಅವರಿಗೆ ಒಂದೇ ಬೆಳಿಗ್ಗೆ ಆಯಿತು. ಇಷ್ಟು ಅಗಲ ರಸ್ತೆಯಲ್ಲಿ ದನ ದಾಟುವುದು ಹೇಗೆ ಎಂದರು. ಒಂದು ಅಂಗಡಿಯ ಎದುರು ನಿಂತವರನ್ನು ನೋಡಿ, "ಎಲ್ರೂ ಅಂಗೈ ಕಾಂತ್ರಲೆ, ಎಂತ ಬರ್ದಿತ್ತ್ ಅದ್ರಂಗೆ?" ಎಂದು ಕೇಳಿದಾಗ ಡ್ರೈವರ್ ಕೂಡ ನಕ್ಕ. ಅಶ್ವಿನಿ ತನ್ನ ಮೊಬೈಲು ತೋರಿಸಿದಳು. ಮುತ್ತಕ್ಕನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ.

"ರಸ್ತಿ ಬದಿ ಮರ ಎಲ್ಲ ಎಲ್ ಹೋಯ್ತ್?"

"ರಸ್ತಿ ಅಗ್ಲ ಮಾಡುಕೆ ಕಡ್ದ್ರ್ ಅಜ್ಜಿ."

"ಬುಟ್ಟಿ ಇಳ್ಸಿ ಕೂಕಂಬುಕೆ ಒಂದಾರೂ ಬಿಡುಕಾಗ್ದಾ?" ಎಂದರು.

ಮನೆಯ ಚಾವಡಿಯಲ್ಲಿ ಹಾರ ಹಾಕಿದ ಒಂದು ಫೋಟೋ ಇತ್ತು. ಮುತ್ತಕ್ಕ ಅದರ ಕೆಳಗೆ ನಿಂತು ಬಹಳ ಹೊತ್ತು ನೋಡಿದರು. ಯಾರೆಂದು ಕೇಳಲಿಲ್ಲ. "ಅಪ್ಪನ ಹಾಂಗೇ ಆಯ್ದ ಕಾಣ್" ಎಂದಷ್ಟೇ ಹೇಳಿ ಕೂತರು.

ಒಂದು ವಾರ ಬಿಟ್ಟು ಕಣ್ಣು ನೋಡಲು ಅಶ್ವಿನಿಯ ಜೊತೆ ನಾನೂ ಹೋದೆ. ಗಾಯ ಚೆನ್ನಾಗಿ ಮಾಗಿತ್ತು. ಜಗಲಿಯಲ್ಲಿ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿದ್ದಳು. ಮುತ್ತಕ್ಕ ಒಂದು ಬಂಗುಡೆ ಎತ್ತಿ ಕಣ್ಣು ನೋಡಿ, "ಇದ್ ನಿನ್ನೆ ಮೀನ್, ತಕಂಡ್ ಹೋಗ್" ಎಂದು ಅವಳನ್ನು ಬೈದು ಕಳಿಸಿದರು. ನೂರು ದಾಟಿದವರ ಸ್ವರದಲ್ಲಿ ಅಂಥ ಖುಷಿಯನ್ನು ನಾನು ಕೇಳಿರಲಿಲ್ಲ.

ಆಮೇಲೆ ಅಶ್ವಿನಿಯ ಕಡೆ ತಿರುಗಿ ಕೇಳಿದರು: "ಹ್ವಾಯ್, ಇನ್ನೊಂದ್ ಕಣ್ಣ್ ಯಾವಾಗ ಮಾಡುದ್?"

ಅಶ್ವಿನಿ ನನ್ನನ್ನು ನೋಡಿದಳು.

"ಆ ಕಣ್ಣ್ ಆತಿಲ್ಲೆ ಮುತ್ತಕ್ಕ" ಎಂದೆ.

"ಪ್ರಾಯ ಆಯ್ತ್ ಅಂದೇಳಿಯಾ?"

"ಅಲ್ಲ. ತಡ ಆಯ್ತ್. ಆಗಳೇ ಮಾಡಿದ್ರೆ ಎರ್ಡೂ ಕಣ್ಣ್ ಆತಿತ್ತ್. ಬೈಂದೂರಂಗೆ ನಿಮ್ಮನ್ನ್ ಬ್ಯಾಡ ಅಂದವ ನಾನೇ. ನಾನ್ ಡಾಕ್ಟ್ರೂ ಅಲ್ಲ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಸರೋಜಮ್ಮ ಬಾಗಿಲಿಗೆ ಬಂದು ನಿಂತಿದ್ದರು.

"ನಂಗೆ ಗೊತ್ತಿತ್ತ್," ಎಂದರು ಮುತ್ತಕ್ಕ. "ನೀವ್ ಮೊದ್ಲ್ ಇಲ್ಲಿಗ್ ಬಂದ್ ಮಾತಾಡ್ದಾಗ್ಳೇ ಗೊತ್ತಾಯ್ತ್. ಕಣ್ಣಿಲ್ದವ್ಳಿಗೆ ಸ್ವರ ಮರೀತಿಲ್ಲೆ. ಅವತ್ತ್ ಅಷ್ಟ್ ಜನರ ಎದ್ರ್ ನೆಗ್ಯಾಡಿರಲೆ."

"ಗೊತ್ತಿದ್ದೂ ಎಂತಕೆ ಹೇಳ್ಲಿಲ್ಲೆ?"

"ಹೇಳ್ರೆ ನೀವ್ ನಾಚ್ಕಿ ಆಯಿ ಎದ್ದ್ ಹೋದ್ರೆ? ಈ ಹೆಣ್ಣನ್ನೂ ಕರ್ಕಂಡ್ ಹೋದ್ರೆ? ನಂಗ್ ಕಣ್ಣ್ ಬೇಕಿತ್ತ್."

ಇಪ್ಪತ್ತೊಂದು ವರ್ಷ ಕತ್ತಲೆಯಲ್ಲಿ ಕೂರಿಸಿದವನ ಎದುರೂ ಅವರು ಹೆದರಿ ಬಾಯಿ ಮುಚ್ಚಿಕೊಂಡಿದ್ದರು. ಕೆಲಸಕ್ಕೆ ಹೊಸದಾಗಿ ಸೇರುವ ನೀವು ಇದೊಂದನ್ನು ತಿಳಿದುಕೊಳ್ಳಬೇಕು. ನಿಮ್ಮೆದುರು ಸ್ಟೂಲಿನಲ್ಲಿ ಕೂತವರಿಗೆ ನಿಮ್ಮ ಮೇಲೆ ಇರುವುದು ಗೌರವವೇ ಎಂದು ತಿಳಿಯಬೇಡಿ. ಎಷ್ಟೋ ಸಲ ಅದು ಬರೀ ಹೆದರಿಕೆ.

"ಬೆಳ್ಕಿಗ್ ಬನಿ, ಕಾಂಬ" ಎಂದರು ಮುತ್ತಕ್ಕ.

ಜಗಲಿಯ ಅಂಚಿಗೆ ಬಂದು ನಿಂತೆ. ಅವರು ಬಲಗಣ್ಣು ಕಿರಿದು ಮಾಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಷ್ಟ್ ಸಣ್ಣ ಜನ್ವಾ ನೀವ್! ಸ್ವರ ಕೇಂಡ್ ದೊಡ್ಡ ಆಳ್ ಅಂದ್ಕಂಡಿದ್ದೆ."

ಅವರು ನಗಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. "ಕೂಕಣಿ" ಎಂದು ಗೋಡೆಯ ಬದಿಯನ್ನು ತೋರಿಸಿದರು. ಸರೋಜಮ್ಮ ಚಾ ತಂದು ನನ್ನೆದುರು ನೆಲದ ಮೇಲಿಟ್ಟು ಹೋದರು. ಕುಡಿದು ಮುಗಿಸುವವರೆಗೂ ಮುತ್ತಕ್ಕ ಉಳಿದ ಆ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು.